ಕೈಯಲ್ಲಿ ತೂಗಿ ಆರಿಸಿದ ಲೆನ್ಸ್

ಹೋದ ವರ್ಷ ದೀಪಾವಳಿಗೆ ಎಂಟು ದಿನ ಮುಂಚೆ ನಡೆದದ್ದು. ಡಿಗ್ರಿ ಓದುವ ನನ್ನ ಮೊಮ್ಮಗಳು ಭಾಗ್ಯಾಗೆ ಫೋಟೊ ತೆಗೆಯುವ ಹುಚ್ಚು. ಡಿಎಸ್‌ಎಲ್‌ಆರ್ ಕ್ಯಾಮೆರಾ ಬೇಕು ಅಂತ ವರ್ಷದಿಂದ ಕೇಳುತ್ತಿದ್ದಳು. ನಾನು ಕೊಡಿಸುತ್ತೇನೆ ಅಂದೆ. ಕೊಡಿಸುವವಳು ನಾನು ಅಂದಮೇಲೆ ಆರಿಸುವವಳೂ ನಾನೇ ಅಂದುಕೊಂಡೆ. ತಪ್ಪು ಅಲ್ಲೇ ಶುರುವಾಯಿತು.

ಬಾಗೇವಾಡಿಯಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಹೋದೆವು. ಅಂಗಡಿಯವನು ಒಂದು ಹಳೆ ಕ್ಯಾಮೆರಾ ತೋರಿಸಿ, ಅದಕ್ಕೆ ಹಾಕುವ ಎರಡು ಲೆನ್ಸ್ ಮುಂದಿಟ್ಟ. ಒಂದು ಗೇಣುದ್ದ, ಇನ್ನೊಂದು ಚಹಾ ಲೋಟದಷ್ಟು. ಯಾವುದು ಒಯ್ದರೂ ರೇಟು ಒಂದೇ ಅಂದ.

“ಹೊಸದಾಗಿ ಕಲಿಯಾವರಿಗೆ ಸಣ್ಣದ ಚಲೋರಿ, ಆಯಾರ. ಮನಿಯೊಳಗ ಮಂದಿ ಫೋಟೊ ಛಂದ ಬರ್ತಾವು. ಈ ಉದ್ದಂದು ದೂರದ ಹಕ್ಕಿ ತೆಗಿಯಾಕ.”

ನಾನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿದೆ. ಕೊಡ, ಹಂಡೆ, ಪಾತೇಲಿ ಎಲ್ಲಾ ಜೀವನಪೂರ್ತಿ ಹೀಗೇ ಆರಿಸಿದವಳು. ಹಿತ್ತಾಳೆ ಸಾಮಾನು ತೂಕಕ್ಕೆ ಮಾರುತ್ತಾರೆ, ಕೈಗೆ ಭಾರ ಬಿದ್ದದ್ದೇ ಒಳ್ಳೆಯದು.

“ರೇಟ್ ಒಂದ ಅಂದಮ್ಯಾಗ ಹಗುರಂದು ಯಾಕ್ ಒಯ್ಯೂದೋ ತಮ್ಮಾ? ಉದ್ದಂದ ಕಟ್ಟು.”

“ಆಯಿ, ನನಗ ಸಣ್ಣದ ಸಾಕ ಬೇ,” ಅಂದಳು ಭಾಗ್ಯಾ.

“ನೀ ಸುಮ್ನಿರು. ಸಾಮಾನ ತಗೊಳ್ಳೂದು ನಿನಗೇನ್ ತಿಳಿತೈತಿ?”

ವರ್ಷಗಟ್ಟಲೆ ಕ್ಯಾಮೆರಾ ಬಗ್ಗೆ ಓದಿದ ಹುಡುಗಿಗೆ ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಹಾಗಂದೆ.

ನಾಲ್ಕು ದಿನ ಬಿಟ್ಟು ಗೊಳಸಂಗಿಗೆ ನನ್ನ ಅಕ್ಕನ ಮನೆಗೆ ಹೋದೆವು. ಅಕ್ಕನಿಗೆ ಮೊಣಕಾಲು ನೋವು. ಆದರೂ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದು ಬಿಟ್ಟಿರಲಿಲ್ಲ. ಅವಳ ಒಂದು ನೆಟ್ಟಗಿನ ಫೋಟೊ ಯಾರ ಹತ್ತಿರವೂ ಇರಲಿಲ್ಲ. ಕ್ಯಾಮೆರಾ ನೋಡಿ ಖುಷಿಯಾಗಿ, “ರೊಟ್ಟಿ ಬಡಿಯೂದ ತೆಗಿಯವಾ,” ಅಂದಳು.

ಅಡುಗೆಮನೆ ಚಿಕ್ಕದು. ಭಾಗ್ಯಾ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಆಗಲಿಲ್ಲ. “ಆಯಿ, ಬರೇ ಮೂಗ ಕಾಣಾಕತ್ತೈತಿ.” ಬಾಗಿಲಾಚೆ ಹೋದಳು. ಅಲ್ಲಿಂದಲೂ ಅರ್ಧ ಮುಖ. ಬೆಳಕೂ ಸಾಲಲಿಲ್ಲ.

“ಏನವಾ, ನನ್ನ ಫೋಟೊ ತೆಗಿಯಾಕ ವಾಪಸ್ ಬಾಗೇವಾಡಿಗಿ ಹೊಂಟೀಯೇನ?” ಅಕ್ಕ ನಕ್ಕಳು.

“ಅಂಗಳಕ್ಕರ ಬಾ ಅಕ್ಕಾ,” ಅಂದೆ ನಾನು.

“ಅಂಗಳದಾಗ ಕುಂದ್ರಾಕ ನಾ ಏನ್ ಮದಲಗಿತ್ತಿನ? ನಾ ಇರೂದ ಇಲ್ಲೆ. ಇಲ್ಲೇ ತೆಗೀರಿ.”

ಭಾಗ್ಯಾ ಕ್ಯಾಮೆರಾ ಇಟ್ಟು ಫೋನು ಹೊರಗೆ ತೆಗೆದಳು. ನಾನು ಅವಳ ಕೈ ಹಿಡಿದೆ. “ಇಷ್ಟ ದೊಡ್ಡ ಕ್ಯಾಮೆರಾ ತಂದು ಫೋನಿನ್ಯಾಗ ತೆಗೀತಿ? ನೋಡ್ದಾವ್ರು ನಗ್ತಾರ. ಮುಂದಿನ ಸಲ ಇದರಾಗ ತೆಗಿಯಾಕಿ, ಬಿಡು.” ನಾನು ಆರಿಸಿದ್ದು ಕೆಲಸಕ್ಕೆ ಬಾರದ್ದು ಅಂತ ಅಕ್ಕನಿಗೆ ಗೊತ್ತಾಗಬಾರದಿತ್ತು, ಅಷ್ಟೇ.

ಅಕ್ಕ ಮುಂಗೈಯಿಂದ ಹಣೆಯ ಹಿಟ್ಟು ಒರೆಸಿಕೊಂಡಳು. “ಆತು ಬಿಡ್ರಿ, ಬಿಸಿ ರೊಟ್ಟಿ ಆರ್ತಾವ, ಉಣ್ಣಬರ್ರಿ.”

ಮುಂದಿನ ಸಲ ಬರಲಿಲ್ಲ. ಹದಿನೈದು ದಿನದೊಳಗೆ ಅಕ್ಕ ಹೋದಳು. ಮಲಗಿದವಳು ಏಳಲಿಲ್ಲ. ಗೋಡೆಗೆ ಹಾಕಲು ಫೋಟೊ ಹುಡುಕಿದರು, ಸಿಗಲಿಲ್ಲ. ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ. ಯಾರೋ ಗದರಿಸಿದಂತೆ ಕಣ್ಣು ಬಿಟ್ಟುಕೊಂಡಿದ್ದಾಳೆ. ನನ್ನ ಅಕ್ಕ ಹಾಗಿರಲಿಲ್ಲ.

ನಮ್ಮ ಕ್ಯಾಮೆರಾದಲ್ಲಿ ಅಕ್ಕನದು ಇರುವುದು ಒಂದೇ ಚಿತ್ರ: ಮಸುಕು ಕೆನ್ನೆ, ಒಂದು ಮೂಗುತಿ. ಭಾಗ್ಯಾ ಅದನ್ನು ಅಳಿಸಿಲ್ಲ. ಅಳಿಸಿದ್ದರೆ ವಾಸಿಯಿತ್ತು.

ಮೊನ್ನೆ ಯುಗಾದಿ ಆದಮೇಲೆ ಅದೇ ಅಂಗಡಿಗೆ ಹೋಗಿ ಲೆನ್ಸ್ ಬದಲಿ ಮಾಡಿಸಿದೆವು. ಅಂಗಡಿಯವನು ಮತ್ತೆ ನಾಲ್ಕು ಲೆನ್ಸ್ ನನ್ನ ಮುಂದೆ ಇಟ್ಟ. “ಆಕೀಗಿ ಕೊಡು,” ಅಂದೆ. ನಾನು ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ.

ಭಾಗ್ಯಾ ಸಣ್ಣದನ್ನು ಹಾಕಿ ಅಲ್ಲೇ ನನ್ನ ಫೋಟೊ ತೆಗೆದಳು. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. “ಛಂದ ಬಂದೈತಿ ಆಯಿ, ನೋಡಿಲ್ಲೆ.”

ನಾನು ಇವತ್ತಿಗೂ ಆ ಫೋಟೊ ನೋಡಿಲ್ಲ.