ಕ್ಲೋಸ್ ಮಾಡದ ಡಿಸ್ಕು

ಬೀದಿಯವರೆಲ್ಲ ಅವನನ್ನು ಡಿಸ್ಕಣ್ಣ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಪಕ್ಕದಲ್ಲಿ ಖಾಲಿ ಸಿ.ಡಿ. ಡಿಸ್ಕುಗಳ ಅಟ್ಟಿ, ಹೆಸರು ಬರೆಯಲು ಒಂದು ಮಾರ್ಕರ್ ಪೆನ್ನು. ಅಷ್ಟೇ ಅವನ ಬಂಡವಾಳ. ಸಿನಿಮಾ, ಹಾಡು, ಶಾಲೆಯ ನಾಟಕದ ವಿಡಿಯೊ, ಏನು ಕೊಟ್ಟರೂ ಸಂಜೆಯೊಳಗೆ ನಕಲು ತಯಾರು. ತಾನು ಹಾಡಲು ಬಾಯಿಬಿಟ್ಟರೆ ಬೆಕ್ಕು ಓಡಿಹೋಗುತ್ತಿತ್ತು, ಊರಿಗೆಲ್ಲ ಹಾಡು ಹಂಚುತ್ತಿದ್ದವನು ಮಾತ್ರ ಅವನೇ.

ಆ ಮನೆಯಲ್ಲಿ ಹಾಡು ಒಲಿದಿದ್ದು ತಂಗಿಗೆ. ಕೆಲಸದಿಂದ ಬಂದವಳೇ ಅವನ ಮೈಕಿನ ಮುಂದೆ ಕೂತು ಒಂದು ಹಾಡು ಹಾಡಿ, "ಬರ್ತೀನಣ್ಣ" ಎಂದು ಎದ್ದುಹೋಗುತ್ತಿದ್ದಳು. ಅಡುಗೆಮನೆಗೆ ಹೋಗುವುದಕ್ಕೂ ಅದೇ ಮಾತು. ಚಿಕ್ಕವಳಿದ್ದಾಗ ಒಮ್ಮೆ "ಹೋಗ್ತೀನಿ" ಎಂದಿದ್ದಕ್ಕೆ ಅಮ್ಮ ಕಿವಿ ಹಿಂಡಿದ್ದಳು: "ಹೋಗ್ತೀನಿ ಅನ್ಬಾರ್ದು ಕಣೇ, ಬರ್ತೀನಿ ಅನ್ನು."

ಅವಳ ಹಾಡುಗಳನ್ನೆಲ್ಲ ಅವನು ಒಂದೇ ಡಿಸ್ಕಿಗೆ ಒಂದೊಂದಾಗಿ ಸೇರಿಸುತ್ತ ಬಂದಿದ್ದ. ಡಿಸ್ಕನ್ನು ಕ್ಲೋಸ್ ಮಾಡಿರಲಿಲ್ಲ. ಕ್ಲೋಸ್ ಮಾಡಿದರೆ ಅದು ಯಾವ ಪ್ಲೇಯರಿನಲ್ಲಾದರೂ ಹಾಡುತ್ತದೆ, ಆದರೆ ಮತ್ತೆ ಏನನ್ನೂ ಸೇರಿಸಲಾಗದು. ಮಾಡದಿದ್ದರೆ ಸೇರಿಸುತ್ತ ಹೋಗಬಹುದು, ಆದರೆ ಸೇರಿಸಿದ ಕಂಪ್ಯೂಟರಿನಲ್ಲಿ ಮಾತ್ರ ಹಾಡುತ್ತದೆ. ಅದರಲ್ಲಿ ಇನ್ನೂ ಅರ್ಧ ಜಾಗ ಉಳಿದಿರುವಾಗಲೇ ತಂಗಿ ಜ್ವರ ಬಂದು ತೀರಿಕೊಂಡಳು.

ತಿಂಗಳಾದ ಮೇಲೆ ಅಮ್ಮನಿಗೆ ಕೇಳಿಸೋಣವೆಂದು ಡಿಸ್ಕು ಹಾಕಿದರೆ, ಕೊನೆಯಲ್ಲಿ ಅವನು ಸೇರಿಸದ ಹಾಡೊಂದಿತ್ತು. ದನಿ ಅವಳದೇ. ಮುಗಿಯುತ್ತಲೇ "ಬರ್ತೀನಣ್ಣ" ಎಂದಿತು. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಅಮ್ಮ ಮಾತ್ರ ಕಣ್ಣೊರೆಸಿಕೊಂಡು, "ಬಂದ್ಲಲ್ಲ, ಸಾಕು" ಎಂದಳು.

ಮುಂದಿನ ವಾರ ಇನ್ನೊಂದು ಬಂತು. ಆಮೇಲೆ ಮತ್ತೊಂದು. ಹೊಸ ಹಾಡುಗಳಲ್ಲಿ ಅವಳ ದನಿಯ ಹಿಂದೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವರ ಮನೆಯಲ್ಲಿ ಸೋರುವ ನಲ್ಲಿಯೇ ಇರಲಿಲ್ಲ. ಅವನ್ನು ಬೇರೆ ಡಿಸ್ಕಿಗೆ ಇಳಿಸಿ ನೋಡಿದ. ನಕಲಿನಲ್ಲಿ ಆ ತೊಟ್ಟಿಕ್ಕುವ ಸದ್ದೊಂದೇ ಬಂತು, ಅವಳು ಬರಲಿಲ್ಲ. ಎಲ್ಲರಿಗೂ ನಕಲು ಮಾಡಿಕೊಟ್ಟವನಿಗೆ ತಂಗಿಯೊಬ್ಬಳೇ ದಕ್ಕಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಡಿಸ್ಕು ಬರೆಯುವ, ಓದುವ ರೈಟರ್ ಕೈಕೊಡತೊಡಗಿತು. ಡಿಸ್ಕು ಹಾಕಿದರೆ ಗರಗರ ತಿರುಗಿ, ಮನಸ್ಸು ಬಂದಾಗ ಓದುತ್ತಿತ್ತು. ಅದು ಪೂರ್ತಿ ಕೆಟ್ಟರೆ ಎಲ್ಲ ಹಾಡೂ ಮಣ್ಣುಪಾಲು.

"ಕ್ಲೋಸ್ ಮಾಡ್ಬಿಡೋ," ಎಂದಳು ಅಮ್ಮ. "ನನ್ನ ಪ್ಲೇಯರಲ್ಲಿ ಕೇಳ್ಕೊಂಡಿರ್ತೀನಿ."

"ಮಾಡಿದ್ರೆ ಇನ್ಮೇಲೆ ಹೊಸದು ಬರಲ್ಲಮ್ಮ."

"ಬಂದಿರೋದನ್ನೂ ಕಳ್ಕೊಳ್ಳೋಕಾಗುತ್ತೇನೋ? ಇರೋದನ್ನ ಉಳಿಸ್ಕೊಡು."

ಅವನಿಗೆ ಆ ದನಿಯ ಹೆದರಿಕೆಯೂ ಇತ್ತು, ಇನ್ನೊಂದು ಹಾಡು ಬರಲೆಂಬ ಆಸೆಯೂ ಇತ್ತು, ಆಸೆಯೇ ದೊಡ್ಡದು. ಆದರೂ ಅಮ್ಮನ ಮಾತು ಮೀರಲಾಗದೆ ಕ್ಲೋಸ್ ಒತ್ತಿದ. ರೈಟರಿನ ದೀಪ ಮಿಣುಕುತ್ತಿದ್ದಷ್ಟು ಹೊತ್ತೂ ಒಳಗಿನಿಂದ ಉಗುರಿನಲ್ಲಿ ಕೆರೆದಂಥ ಸದ್ದು ಬರುತ್ತಿತ್ತು. ಹಳೆಯ ಯಂತ್ರ, ಸದ್ದು ಮಾಡದೆ ಇರುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡ.

ಅಮ್ಮನ ಪ್ಲೇಯರಿನಲ್ಲಿ ಡಿಸ್ಕು ಸಲೀಸಾಗಿ ಹಾಡಿತು. ಹಳೆಯವು, ಹೊಸವು, ಒಂದೂ ತಪ್ಪಿರಲಿಲ್ಲ. ಅಮ್ಮ ಮಂಚದ ಮೇಲೆ ಕಣ್ಣುಮುಚ್ಚಿ ತಲೆದೂಗುತ್ತಿದ್ದಳು. ಕೊನೆಯ ಹಾಡು ಮುಗಿದರೂ ಡಿಸ್ಕು ತಿರುಗುತ್ತಲೇ ಇತ್ತು. ತೊಟ್ಟಿಕ್ಕುವ ಸದ್ದು ನಿಂತಿತು.

"ಹೋಗ್ತೀನಮ್ಮ," ಎಂದಿತು ತಂಗಿಯ ದನಿ.

ಅಮ್ಮ ಥಟ್ಟನೆ ಎದ್ದು ಕೂತಳು. ಪ್ಲೇಯರನ್ನು ಎರಡೂ ಕೈಯಲ್ಲಿ ಹಿಡಿದು ಗದರಿದಳು: "ಹಾಗನ್ಬಾರ್ದು ಕಣೇ! ಬರ್ತೀನಿ ಅನ್ನು." ಬಟನ್ ಒತ್ತಿ ಕೊನೆಯ ಹಾಡನ್ನು ಮತ್ತೆ ಹಾಕಿದಳು. ಮತ್ತೆ ಅದೇ ಮಾತು.

"ಬರ್ತೀನಿ ಅನ್ನೇ, ನನ್ನ ಕಂದ," ಎಂದು ಈ ಸಲ ಬೇಡಿಕೊಂಡಳು. ಡಿಸ್ಕು ಕ್ಲೋಸ್ ಆಗಿತ್ತು. ಅದಕ್ಕೆ ಇನ್ನೊಂದು ಮಾತು ಸೇರುವ ಹಾಗಿರಲಿಲ್ಲ.