ಸರಕಾರಿ ವಕೀಲ ಟಾಲಿವರ್

ಕೋರ್ಟಿನ ಮುಂದೆ ಕಾರು ನಿಲ್ಲಿಸಿದ ಮೇಲೆ ಎಲ್ಬರ್ಟ್ ಟಾಲಿವರ್ ರೇಡಿಯೊ ಆರಿಸಿ, ಕಣ್ಣು ಮುಚ್ಚಿ, "ಕರ್ತನೇ, ಇವತ್ತು ಒಬ್ಬರನ್ನಾದರೂ ಮನೆಗೆ ಕಳಿಸೋ ಹಾಗೆ ಮಾಡು" ಎಂದು ಬೇಡಿಕೊಳ್ಳದೆ ಕೆಳಗಿಳಿದ ದಿನವಿಲ್ಲ. ಜನರನ್ನು ಒಳಗೆ ಹಾಕಿಸುವುದೇ ಕೆಲಸವಾದ ಸರಕಾರಿ ವಕೀಲ ಹೀಗೆ ಬೇಡಿಕೊಂಡರೆ ದೇವರಿಗೂ ಗಲಿಬಿಲಿಯಾದೀತು. ಸರಕಾರಿ ವಕೀಲನನ್ನೂ ಜನರೇ ಆರಿಸುವ, ಮಿಸಿಸಿಪ್ಪಿ ನದಿ ದಂಡೆಯ ಆ ನಗರ ಅವನನ್ನು ಎರಡು ಸಲ ವೋಟು ಹಾಕಿ ಗೆಲ್ಲಿಸಿದೆ. ಪೊಲೀಸರು ಮಾತ್ರ ಅವನನ್ನು 'ಕಳ್ಳರ ಭಾವ' ಅನ್ನುತ್ತಾರೆ. "ನನ್ನ ಸೈಕಲ್ ಕದ್ದವನನ್ನ ಬಿಟ್ಟುಬಿಟ್ಯಲ್ಲಯ್ಯ, ಇದಕ್ಕೇನು ನಿಂಗೆ ವೋಟು ಹಾಕಿದ್ದು?" ಎಂದು ಕ್ಷೌರಿಕ ಅವನ ಗಂಟಲ ಮೇಲೆ ಕತ್ತಿಯಿಟ್ಟೇ ಕೇಳುತ್ತಾನೆ. "ಮೊದಲು ಕತ್ತಿ ತೆಗಿ ಮಾರಾಯ, ಆಮೇಲೆ ವಾದ ಮಾಡೋಣ" ಅನ್ನುತ್ತಾನೆ ಟಾಲಿವರ್. ಕೈಕೆಳಗಿನ ಎಳೆಯ ವಕೀಲರು ಯಾರಿಗಾದರೂ ಐದು ವರ್ಷ ಶಿಕ್ಷೆ ಕೇಳಬೇಕೆಂದರೆ, "ಐದು ವರ್ಷದ ಹಿಂದೆ ನೀನೇನು ಮಾಡ್ತಿದ್ದೆ? ಅಲ್ಲಿಂದ ಇಲ್ಲೀತನಕ ನೆನೆಸ್ಕೊಂಡು ಬಾ" ಎಂದು ಕಳಿಸುತ್ತಾನೆ, ಅವರು ಮದುವೆ, ಮಗು, ಅಜ್ಜಿಯ ಸಾವು ಎಲ್ಲ ನೆನೆದು, ಎರಡಕ್ಕೆ ಇಳಿದು ಬರುತ್ತಾರೆ. ಹಳೆಯ ದೀರ್ಘ ಶಿಕ್ಷೆಗಳನ್ನು ಮತ್ತೆ ಪರಿಶೀಲಿಸುವ ಕ್ರಮ ತಂದವನೂ ಅವನೇ. ಆ ಪರಿಶೀಲನೆಯ ಸರದಿಯಲ್ಲಿ, ಸಾಲಿನ ತೀರ ಹಿಂದುಗಡೆ, ಜೀವಾವಧಿ ಶಿಕ್ಷೆಯಲ್ಲಿರುವ ಅವನ ಸ್ವಂತ ಅಣ್ಣ ರೂಫಸ್ ಇದ್ದಾನೆ. ಅಡುಗೆಮನೆಯಲ್ಲಿ ರೂಫಸ್ ಕೂರುತ್ತಿದ್ದ ಕುರ್ಚಿಯಲ್ಲಿ ಯಾರನ್ನೂ ಕೂರಗೊಡದ ತಾಯಿ ಈಚೆಗೆ ಹಾಸಿಗೆ ಹಿಡಿದಿದ್ದಾಳೆ. ಮೊನ್ನೆ ಕೈಕೆಳಗಿನ ವಕೀಲೆ ನವೋಮಿ ಬಾಗಿಲು ಮುಚ್ಚಿ, "ಸರ್, ರೂಫಸ್ ಕಡತ ಈ ವಾರವೇ ಮೇಲಕ್ಕೆ ತಗೋತೀನಿ. ಅಮ್ಮ ಇರೋವಾಗ್ಲೇ ಬಂದುಬಿಡ್ಲಿ. ಯಾರೂ ಏನೂ ಅನ್ನಲ್ಲ" ಎಂದಳು. ಟಾಲಿವರ್ ಬಹಳ ಹೊತ್ತು ಕನ್ನಡಕ ಒರೆಸಿದ. "ಬೇಡ ನವೋಮಿ, ಸರದಿಯಲ್ಲಿ ಇದ್ದಲ್ಲೇ ಇರ್ಲಿ" ಎಂದ. "ನೀನು ಹೀಗೆ ಕೇಳಿದ್ದು ಮಾತ್ರ ಅಮ್ಮನ ಕಿವಿಗೆ ಬೀಳಬಾರದು."