ಫಿಲ್ಲುಬಾಯಿಯ ಫೋರ್ಕ್

ನೈರೋಬಿಯ ನ್ಗಾರಾ ಬಡಾವಣೆ, ಹಳೆಯ ಕಲ್ಲುಕಟ್ಟಡದ ಎರಡನೇ ಮಹಡಿ. ಕೆಳಗೆ ದಿನದ ಮೊದಲ ಮಟಾಟು ವ್ಯಾನು ಹಾರ್ನ್ ಹೊಡೆಯುತ್ತಿದೆ. ಇನ್ನೂ ಬೆಳಕು ಹರಿದಿಲ್ಲ. ಫಿಲೋಮಿನಾ ಲಸ್ರಾದೊ ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಿಂದ ತೆಳ್ಳಗೆ ಎಳೆದು, ಹಾಗೇ ಸುರುಳಿ ಸುತ್ತಿ ತಟ್ಟೆಗೆ ಬೀಳಿಸುತ್ತಾರೆ. ಮೈಮೇಲೆ ಗೆರೆ, ಒಳಗೆ ಪೊಳ್ಳು. ಇದು ಕಿಡಿಯೊ, ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಆಗಲೇಬೇಕಾದ ಸಿಹಿತಿಂಡಿ.

ಮೇಜಿಗೆ ಇನ್ನಿಬ್ಬರು ಕೂತಿದ್ದಾರೆ: ಮೂಡಬಿದಿರೆಯ ವಿನಿಫ್ರೆಡ್ ಮತ್ತು ಪಕ್ಕದ ಮನೆಯ ವಂಬೂಯಿ. ಪ್ರತಿಯೊಬ್ಬರಿಗೂ ಅವರದೇ ಫೋರ್ಕ್. ಇಲ್ಲಿ ಒಂದು ಕಟ್ಟಳೆಯಿದೆ. ಯಾರ ಸುರುಳಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೋ ಅವರೇ ಚಹಾ ಮಾಡಬೇಕು.

"ವಂಬೂಯಿ, ಎದ್ದೇಳು. ಬಿಚ್ಚಿದ್ದು ನಿಂದು," ಎನ್ನುತ್ತಾರೆ ವಿನಿಫ್ರೆಡ್.

"ಹಪಾನಾ," ಇಲ್ಲವೇ ಇಲ್ಲ ಎಂದು ತಲೆಯಾಡಿಸುತ್ತಾ ವಂಬೂಯಿ ಸ್ವಾಹಿಲಿಯಲ್ಲೇ ವಾದಿಸುತ್ತಾರೆ: ಅಷ್ಟು ದಪ್ಪದ್ದು ವಿನಿಫ್ರೆಡ್ ಬಿಟ್ಟು ಬೇರೆ ಯಾರೂ ಸುತ್ತುವುದಿಲ್ಲ.

ಫೋರ್ಕ್ ಎಂಬ ಒಂದೇ ಪದಕ್ಕೆ ಕೆಲಸಗಳು ಹಲವು. ತೋಟದ ಮಣ್ಣು ಸಡಿಲಿಸುವುದೂ ಫೋರ್ಕ್, ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿದಿರುವುದೂ ಫೋರ್ಕ್. ಫಿಲೋಮಿನಾ ಅವರ ಗಂಡ ಬೊನಿಫಾಸ್ ಈ ಊರಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಫಿಲೋಮಿನಾ ಸ್ಪ್ರಿಂಗ್ ವ್ಯಾಲಿಯ ಬಂಗಲೆಯೊಂದರಲ್ಲಿ ಅಡುಗೆಗೆ ಸೇರಿದರು. ಅಲ್ಲಿ ಮೀನಿಗೊಂದು, ಮಾಂಸಕ್ಕೊಂದು, ಕೇಕಿಗೊಂದು ಫೋರ್ಕನ್ನು ಸಾಲಾಗಿ ಇಡುವುದು ಅವರದೇ ಕೆಲಸ.

"ಇಡುದು ನಾನು. ಮತ್ತೆ ನಾನು ಕೈಯಲ್ಲಿ ಉಂಡ್ರೆ ಮೇಡಂಗೆ ನಗು. ಇಷ್ಟು ವರ್ಷ ಆಯ್ತು, ಹಿಡೀಲಿಕ್ಕೆ ಬರುದಿಲ್ವಾ ಅಂತ ಕೇಳುದು. ನಾನು ಹೇಳಿದೆ, ಊಟಕ್ಕೆ ನನಗೆ ಕೈ ಉಂಟು ಮೇಡಂ, ಫೋರ್ಕ್ ಬೇಕಾದ್ದು ಕೆಲಸಕ್ಕೆ."

ಆ ಕೆಲಸ ಬಿಟ್ಟು ಅವರು ಈ ಮೇಜು ಹಾಕಿದರು. ಶ್ರೀಮಂತರ ಬಡಾವಣೆ ಮುಥೈಗಾದ ಪಾರ್ಟಿಗಳಿಗೆ ತಿಂಡಿ ಒದಗಿಸುವ ಅತುಲ್ ಪ್ರತಿ ಡಿಸೆಂಬರಿನಲ್ಲೂ ಕಿಡಿಯೊ ಕೊಳ್ಳುತ್ತಿದ್ದರು. ಮೂರು ಮನೆಗಳ ಹಬ್ಬ ನಡೆಯುತ್ತಿದ್ದುದು ಆ ಒಂದು ಆರ್ಡರಿನಿಂದಲೇ. ಈ ವರ್ಷ, 2016ರಲ್ಲಿ, ಅತುಲ್ ಪ್ಲಾಸ್ಟಿಕ್ ಅಚ್ಚು ಕಳಿಸಿದ್ದಾರೆ. ಎಲ್ಲ ಕಿಡಿಯೊ ಒಂದೇ ಅಳತೆಗೆ ಬರಬೇಕು, ಇಲ್ಲದಿದ್ದರೆ ಆರ್ಡರ್ ಇಲ್ಲ.

ಫಿಲೋಮಿನಾ ಅಚ್ಚನ್ನು ನೋಡದೆ ತಳ್ಳಿಹಾಕಲಿಲ್ಲ. ನಿನ್ನೆ ಅದರಲ್ಲಿ ಒಂದು ಒಬ್ಬೆ ಮಾಡಿಟ್ಟಿದ್ದಾರೆ. ಅಚ್ಚಿನದು ಗಟ್ಟಿ ಉಂಡೆ. ಹೊರಗೆ ಕೆಂಪಾದರೂ ಒಳಗೆ ಹಸಿ. ಸುರುಳಿಯ ಪೊಳ್ಳಿನೊಳಗೆ ಎಣ್ಣೆ ಹರಿಯುವುದರಿಂದ ಅದು ಎರಡೂ ಕಡೆಯಿಂದ ಗರಿಗರಿಯಾಗುತ್ತದೆ, ಗೆರೆಗಳಲ್ಲಿ ಸಕ್ಕರೆ ಪಾಕ ನಿಲ್ಲುತ್ತದೆ. ಎರಡನ್ನೂ ಮುರಿದು ನೋಡಿದರೆ ಬೇರೆ ವಿವರಣೆ ಬೇಕಿಲ್ಲ.

"ಮತ್ತೆ ಅಚ್ಚಿಗೆ ಒಬ್ಬರು ಸಾಕು," ಎನ್ನುತ್ತಾರೆ ಅವರು, ತಲೆ ಎತ್ತದೆ. "ಇವರಿಬ್ಬರನ್ನು ನಾನು ಎಂತ ಹೇಳಿ ಮೇಜಿನಿಂದ ಎಬ್ಬಿಸುದು?"

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಅತುಲ್ ಅವರ ಡ್ರೈವರ್ ಬಾಗಿಲಲ್ಲಿ ನಿಂತಿದ್ದಾನೆ. ಫಿಲೋಮಿನಾ ಅಚ್ಚನ್ನು ತೊಳೆದು ಒರೆಸಿ ಅವನ ಕೈಗಿಡುತ್ತಾರೆ, ಮೇಲೊಂದು ಪೊಟ್ಟಣ ಕಿಡಿಯೊ. ಬಾಸಿಗೆ ಏನು ಹೇಳಲಿ ಎಂದು ಅವನು ಕೇಳುತ್ತಾನೆ.

"ಅಸಾಂಟೆ ಹೇಳು, ಉಪಕಾರ ಆಯ್ತು ಅಂತ. ಬೇಡ ಅಂತ ಸಹ ಹೇಳು."

ಮೆಟ್ಟಿಲಿನ ಸದ್ದು ನಿಂತ ಮೇಲೆ ವಿನಿಫ್ರೆಡ್ ಕೇಳುತ್ತಾರೆ: "ಈಗ ಎಂತ ಮಾಡುದು ಫಿಲ್ಲುಬಾಯಿ?"

"ಎಂತ ಮಾಡುದು? ಸುತ್ತುದು. ಆದಿತ್ಯವಾರ ಇಗರ್ಜಿ ಗೇಟಿನ ಹೊರಗೆ ಮೇಜು ಹಾಕುವ."

"ಯಾವ ಮೇಜು? ಇರುದೇ ಇದೊಂದು."

"ಇದನ್ನೇ ಇಳಿಸುವ."

ವಂಬೂಯಿ ಮೇಜನ್ನೂ ಕಿರಿದಾದ ಮೆಟ್ಟಿಲನ್ನೂ ನೋಡಿ ನಗುತ್ತಾರೆ. ಇದಕ್ಕೆ ಇನ್ನೇನು ಬೇಕು ಎಂದು ಅವರು ಕೇಳಿದರೆ ಫಿಲೋಮಿನಾ ಸ್ವಲ್ಪ ಯೋಚಿಸುತ್ತಾರೆ. ಬೆರಳು ನಿಲ್ಲುವುದಿಲ್ಲ.

"ಮೇಜಿಗೆ ನಾಲ್ಕು ಮೂಲೆ, ನಾವು ಮೂರು ಜನ. ಇನ್ನೊಂದು ಮೂಲೆ ಹಿಡೀಲಿಕ್ಕೆ ಯಾರಾದ್ರೂ ಬಂದ್ರೆ ಸಾಕು. ಫೋರ್ಕ್ ನಾನೇ ಕೊಡ್ತೇನೆ."